ದ್ರಾಕ್ಷಾಯಣಿಯ ನಗು ಯಾರೂ ಕೇಳಿರಲಿಲ್ಲ

ನಮ್ಮ ಊರಿನ ಥೇಟರಿನಲ್ಲಿ ನಾಟಕ ಶುರುವಾಗುವುದು ಮಧ್ಯಾಹ್ನ ಮೂರು ಗಂಟೆಗೆ. ರಾತ್ರಿ ಆಟ ಎನ್ನುವುದು ಇಲ್ಲವೇ ಇಲ್ಲ. ಹೊರಗಿನಿಂದ ಬಂದವರು, ‘ಇದೇನ್ರೀ, ಉಂಡು ಅಡ್ಡಾಗೋ ಹೊತ್ತಿನ್ಯಾಗ ನಾಟಕ?’ ಎಂದು ಕೇಳುತ್ತಾರೆ. ಗ್ಯಾಲರಿಯವರಿಗೆ ಕತ್ತಲಾಗುತ್ತಲೇ ನಿದ್ದೆ ಬರುತ್ತದೆ, ಅವರ ನಿದ್ದೆ ಕೆಡಿಸಬಾರದು ಎಂದು ನಾವು ಹೇಳುತ್ತೇವೆ. ಗ್ಯಾಲರಿಯವರೆಂದರೆ ಯಾರು ಎಂದು ಮತ್ತೆ ಕೇಳುತ್ತಾರೆ. ಕೇಳುವವರಿಗೇನು, ಬಾಯಿ ನೋಯುವುದು ಹೇಳುವವರದು. ‘ಮೊದಲ್ನೇ ಅಂಕ ಮುಗಿಯೂತನಕ ಸುಮ್ನ ಕೂಡ್ರಿ, ನಿಮಗ ತಿಳೀತೈತಿ’ ಎಂದು ಹೇಳಿ ನಾನು ನನ್ನ ಜಾಗಕ್ಕೆ ಹೋಗಿಬಿಡುತ್ತೇನೆ.

ನಾನು ಕಾಶೀಬಾಯಿ. ಈ ಥೇಟರಿನಲ್ಲಿ ಹಾರ್ಮೋನಿಯಂ ನುಡಿಸುವವಳು. ನನಗಿಂತ ಮೊದಲು ನಮ್ಮಪ್ಪ ನುಡಿಸುತ್ತಿದ್ದ, ಅವನಿಗಿಂತ ಮೊದಲು ಅವನಪ್ಪ. ರಂಗದ ಕೆಳಗೆ ಎಡಗಡೆ ಒಂದು ತಗ್ಗಿನಲ್ಲಿ ನನ್ನ ಪೆಟ್ಟಿಗೆ ಇದೆ. ಹಾಡಿಗೆ ಸ್ವರ ಕೊಡುವುದೊಂದೇ ನನ್ನ ಕೆಲಸವಲ್ಲ, ಎಣಿಸುವುದೂ ನನ್ನ ಕೆಲಸ. ಹಾಸ್ಯದ ಮಾತು ಬಿದ್ದ ಕೂಡಲೇ ಕೆಳಗೆ ಬೆಂಚಿನ ಮೇಲೆ ಕೂತವರು ನಗುತ್ತಾರೆ. ಆ ನಗು ಇಳಿದ ಮೇಲೆ ನಾನು ಒಂದು, ಎರಡು ಎಂದು ಆರರವರೆಗೆ ಎಣಿಸುತ್ತೇನೆ. ಆರಕ್ಕೆ ಸರಿಯಾಗಿ ಮೇಲೆ ಗ್ಯಾಲರಿಯಲ್ಲಿ ಊರಿನ ಸತ್ತವರು ನಗುತ್ತಾರೆ. ಅವರದೂ ಮುಗಿದ ಮೇಲೆ ನಾನು ಒಂದು ಸ್ವರ ಒತ್ತುತ್ತೇನೆ. ಆಗ ಪಾತ್ರಧಾರಿ ಮುಂದಿನ ಮಾತು ಆಡುತ್ತಾನೆ. ಜೀವಂತ ಇರುವವರಿಗೆ ಒಂದು ಬಿಡುವು, ಸತ್ತವರಿಗೆ ಒಂದು ಬಿಡುವು, ಎರಡನ್ನೂ ಕೊಡಬೇಕು. ಇದನ್ನು ಕಲಿಯದೆ ನಮ್ಮ ರಂಗದ ಮೇಲೆ ಕಾಲಿಡುವ ಹಾಗಿಲ್ಲ.

ಒಮ್ಮೆ ಹೊರಗಿನ ಕಂಪನಿಯ ದೊಡ್ಡ ನಟನೊಬ್ಬ ಬಂದಿದ್ದ. ಎಷ್ಟು ಹೇಳಿದರೂ ಕೇಳಲಿಲ್ಲ. ಹಾಸ್ಯದ ಮಾತಿಗೆ ಬಿಡುವು ಕೊಡದೆ ಸೀದಾ ರಾಜಕುಮಾರನ ಸಾವಿನ ದೃಶ್ಯಕ್ಕೆ ನುಗ್ಗಿದ. ಅವನು ಎದೆ ಹಿಡಿದುಕೊಂಡು ‘ಅಮ್ಮಾ’ ಎಂದು ಬೀಳುವುದಕ್ಕೂ ಗ್ಯಾಲರಿಯವರು ಹೋ ಎಂದು ನಗುವುದಕ್ಕೂ ಸರಿಹೋಯಿತು. ಬಿದ್ದವನು ಎದ್ದು, ಬಣ್ಣವನ್ನೂ ಅಳಿಸದೆ ಬಸ್ಸು ಹತ್ತಿದ. ಆಮೇಲೆ ಅವನು ಊರೂರಲ್ಲಿ ನಮ್ಮದು ದೆವ್ವದ ಥೇಟರು ಎಂದು ಸಾರಿಕೊಂಡು ಬಂದನಂತೆ. ಬಿಳಿ ಸೀರೆಯಂತೆ, ಹಿಂದುಮುಂದಾದ ಪಾದವಂತೆ, ಗೆಜ್ಜೆ ಸದ್ದಂತೆ, ಏನೇನೋ ಕಥೆ. ನಮ್ಮಲ್ಲಿ ಅಂಥ ಗಲೀಜೆಲ್ಲ ಇಲ್ಲ ಮಾರಾಯರೇ. ನಮ್ಮವರು ಯಾರನ್ನೂ ಹೆದರಿಸುವುದಿಲ್ಲ, ಯಾರ ಮೈಮೇಲೂ ಬರುವುದಿಲ್ಲ, ಮಾತಾಡುವುದೂ ಇಲ್ಲ. ಬಂದು ಕೂತು ನಾಟಕ ನೋಡಿ ನಗುತ್ತಾರೆ, ಅಷ್ಟೆ. ಗ್ಯಾಲರಿಯ ಮೆಟ್ಟಿಲು ನಮ್ಮಜ್ಜನ ಕಾಲಕ್ಕೇ ಮುರಿದುಬಿದ್ದಿತ್ತು. ಅದನ್ನು ಯಾರೂ ರಿಪೇರಿ ಮಾಡಿಸಲಿಲ್ಲ, ಯಾಕೆಂದರೆ ಮೇಲೆ ಹೋಗುವವರಿಗೆ ಮೆಟ್ಟಿಲು ಬೇಕಾಗಿರಲಿಲ್ಲ.

ಪ್ರತಿಯೊಬ್ಬರ ನಗುವೂ ಊರಿಗೆ ಗೊತ್ತು. ಸೂಲಗಿತ್ತಿ ತಿಪ್ಪವ್ವನದು ಕಿಸಿಕಿಸಿ ಎಂದು ಶುರುವಾಗಿ ಕೆಮ್ಮಿನಲ್ಲಿ ಮುಗಿಯುತ್ತದೆ. ನಮ್ಮಪ್ಪನದು ಮೂರೇ ಮೂರು ‘ಹ’, ಜೀವಂತ ಇದ್ದಾಗಲೂ ನಾಲ್ಕನೆಯದನ್ನು ಅವನು ಯಾರಿಗೂ ಕೊಟ್ಟವನಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ದಿನಕರ್ಮ ಎಲ್ಲ ಮುಗಿದ ಮೇಲಿನ ಶುಕ್ರವಾರ ಆ ಮನೆಯವರು ಬಂದು ಮುಂದಿನ ಬೆಂಚಿನ ಮೇಲೆ ಕೂರುತ್ತಾರೆ. ಇದಕ್ಕೆ ನಗು ಕೇಳುವುದು ಎನ್ನುತ್ತೇವೆ. ಸತ್ತವರಿಗೆ ಇಷ್ಟವಾಗಿದ್ದ ಹಾಸ್ಯವನ್ನು ಮನೆಯವರು ಮೊದಲೇ ಹೇಳಿರುತ್ತಾರೆ. ಹಾಸ್ಯದ ಪಾತ್ರಧಾರಿ ಅದನ್ನು ಆಡುತ್ತಾನೆ. ಮೇಲಿನಿಂದ ಗುರುತಿನ ನಗು ಬಂತೋ, ಮುಂದಿನ ಬೆಂಚಿನವರು ಅಳುತ್ತಾ ನಗುತ್ತಾ ಎಲ್ಲರಿಗೂ ಬುಂದಿ ಹಂಚುತ್ತಾರೆ. ಕೆಲವರದು ಮೊದಲ ಶುಕ್ರವಾರವೇ ಬರುತ್ತದೆ, ಕೆಲವರದು ನಾಲ್ಕಾರು ತಿಂಗಳು ಹಿಡಿಯುತ್ತದೆ. ವರ್ಷ ತುಂಬಿದರೂ ಬರದಿದ್ದರೆ, ಅವರು ಇಲ್ಲಿಗೆ ಬರಲಿಲ್ಲ, ಬೇರೆ ಎಲ್ಲಿಗೋ ಹೋದರು ಎಂದು ತಿಳಿದು ಮನೆಯವರು ಬೆಂಚು ಬಿಟ್ಟುಕೊಡುತ್ತಾರೆ. ಬೇರೆ ಎಲ್ಲಿಗೆ ಎಂದು ನನ್ನನ್ನು ಕೇಳಬೇಡಿ, ನನಗೆ ಈ ಥೇಟರು ಬಿಟ್ಟರೆ ಬೇರೆ ಜಾಗ ಗೊತ್ತಿಲ್ಲ.

ಮೂವತ್ತೆಂಟು ವರ್ಷದಿಂದ ಊರಿಗೆಲ್ಲ ಹೀಗೆ ನಗು ಕೇಳಿಸಿಕೊಟ್ಟವನು ಮುದಕಪ್ಪ. ತಾತನ ಹೆಸರಿಟ್ಟರೆಂದು ತೊಟ್ಟಿಲಲ್ಲಿದ್ದಾಗಲೇ ಮುದಕಪ್ಪನಾದವನು. ಮೋಟು ಆಳು, ದೊಡ್ಡ ಕಿವಿ, ರಂಗದ ಮೇಲೆ ಬಂದು ಸುಮ್ಮನೆ ಒಮ್ಮೆ ಮೂಗು ಉಜ್ಜಿದರೆ ಸಾಕು, ಕೂತವರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಅವನ ಹೆಂಡತಿ ದ್ರಾಕ್ಷಾಯಣಿ ಥೇಟರಿನ ಬಟ್ಟೆಬರೆ ನೋಡಿಕೊಳ್ಳುತ್ತಿದ್ದಳು. ಗಂಡನ ಪೇಟ, ಕೋಲು, ಸುಳ್ಳು ಮೀಸೆ, ಜೇಬಿನಲ್ಲಿರಬೇಕಾದ ಸಾಮಾನು ಎಲ್ಲವನ್ನೂ ಅವಳೇ ಜೋಡಿಸಿ ಅವನ ಕೈಗೆ ಕೊಟ್ಟು ರಂಗಕ್ಕೆ ಕಳಿಸುತ್ತಿದ್ದಳು. ಊರಿಗೆ ಊರೇ ನಗುವಾಗ ಪಡದೆಯ ಪಕ್ಕದಲ್ಲಿ ಗುಂಡಿ ಹೊಲಿಯುತ್ತಾ ಕೂತಿರುತ್ತಿದ್ದಳು. ನಗುತ್ತಿರಲಿಲ್ಲ. ಒಂದೇ ಒಂದು ದಿನವೂ ನಗಲಿಲ್ಲ. ತುಟಿ ಬಿಗಿಹಿಡಿದು, ಗಲ್ಲ ಒಳಗೆಳೆದುಕೊಂಡು, ಏನೋ ಹುಳಿ ತಿಂದವಳ ಹಾಗೆ ಕೂತಿರುತ್ತಿದ್ದಳು.

ಹಾಗೆಂದು ಅವಳು ಸಿಡುಕಿಯೇನಲ್ಲ. ಅವಳಿಗೆ ಹಾಸ್ಯ ತಿಳಿಯುತ್ತಿರಲಿಲ್ಲ ಎಂದೂ ಹೇಳುವ ಹಾಗಿಲ್ಲ. ಮುದಕಪ್ಪ ಹೊಸ ಮಾತು ಏನೇ ಕಟ್ಟಿದರೂ ಮೊದಲು ಮನೆಯಲ್ಲಿ ಅವಳ ಮುಂದೆ ಆಡಿ ತೋರಿಸುತ್ತಿದ್ದ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದಳು. ಮುಗಿದ ಮೇಲೆ ತಲೆ ಎತ್ತದೆ, ‘ಕೊನೀದ್ದು ಮೊದಲ ಹೇಳ್ರಿ, ಮೊದಲಿಂದು ತಗದ್ಹಾಕ್ರಿ’ ಎನ್ನುತ್ತಿದ್ದಳು. ಅವಳು ಹೇಳಿದ ಹಾಗೆ ಮಾಡಿದರೆ ಥೇಟರು ಹಾರಿಹೋಗುವಷ್ಟು ನಗು. ನಾನೇ ಒಮ್ಮೆ ಕೇಳಿದ್ದೆ, ‘ಯವ್ವಾ, ಊರೆಲ್ಲ ಬಿದ್ದು ಬಿದ್ದು ನಗತೈತಿ, ನಿಂಗ ಒಂದೀಟೂ ನಗಿ ಬರೂದಿಲ್ಲೇನ?’ ಎಂದು. ‘ಬಂದ್ರ ನಗತೀನಿ ತಗೊ’ ಎಂದು ದಾರ ಕಚ್ಚಿ ಹರಿದಳು. ಅಷ್ಟೇ ಅವಳ ಉತ್ತರ.

ಹೋದ ವರ್ಷ ಬೇಸಿಗೆಯಲ್ಲಿ ನಾಲ್ಕು ದಿನ ಜ್ವರ ಬಂದು ದ್ರಾಕ್ಷಾಯಣಿ ತೀರಿಕೊಂಡಳು. ಮುದಕಪ್ಪ ಬಹಳ ಅತ್ತ. ಆದರೆ ಅವನಿಗೆ ಒಂದು ಧೈರ್ಯವಿತ್ತು, ನಮ್ಮ ಊರಿನವರಿಗೆಲ್ಲ ಇರುವ ಧೈರ್ಯ. ದಿನಕರ್ಮ ಮುಗಿಸಿ ಶುಕ್ರವಾರ ಬಣ್ಣ ಹಚ್ಚಿಕೊಂಡು ಬಂದ. ಮಕ್ಕಳಿಲ್ಲದ ಮನೆ, ಮುಂದಿನ ಬೆಂಚಿನ ಮೇಲೆ ಕೂರುವವರು ಯಾರೂ ಇಲ್ಲ, ಕೂರಬೇಕಾದವನು ರಂಗದ ಮೇಲಿದ್ದಾನೆ. ತನ್ನ ಹತ್ತು ಒಳ್ಳೆಯ ಮಾತುಗಳನ್ನು ಒಂದರ ಹಿಂದೆ ಒಂದು ಆಡಿದ. ಕೆಳಗಿನವರು ನಕ್ಕರು. ನಾನು ಆರು ಎಣಿಸಿದೆ. ಗ್ಯಾಲರಿ ನಕ್ಕಿತು. ತಿಪ್ಪವ್ವ ಕೆಮ್ಮಿದಳು, ನಮ್ಮಪ್ಪ ಮೂರು ಸಲ ಹ ಎಂದ, ಸತ್ತ ಪೋಸ್ಟಮಾಸ್ತರು ಯಾವಾಗಿನಂತೆ ಕಾಲು ಬಡಿದರು. ಎಲ್ಲ ಹಳೆಯ ನಗುಗಳೇ. ಹೊಸದೊಂದೂ ಇರಲಿಲ್ಲ.

ಆಟ ಮುಗಿದ ಮೇಲೆ ಮುದಕಪ್ಪ ನನ್ನ ಪೆಟ್ಟಿಗೆಯ ಹತ್ತಿರ ಬಂದು ಕೂತ. ‘ಕಾಶೀ, ನಂಗೊಂದು ದೊಡ್ಡ ಫಜೀತಿ ಆಗೇತಿ’ ಎಂದ. ಏನು ಎಂದೆ. ‘ಅಕಿ ನಗಿ ಹೆಂಗಿರತಿತ್ತು ಅನ್ನೂದ ನಂಗ ಗೊತ್ತಿಲ್ಲ. ನಲವತ್ತು ವರ್ಷ ಬಾಳೇವು ಮಾಡೀನಿ. ಮೇಲಿಂದ ನಕ್ಕರೂ ಅದು ಅಕೀದ ಅಂತ ನಂಗ ತಿಳೀತೈತೋ ಇಲ್ಲೋ.’ ಗ್ಯಾಲರಿಯಲ್ಲಿ ನನಗೆ ಗೊತ್ತಿಲ್ಲದ ನಗು ಒಂದೂ ಇಲ್ಲ, ಹೊಸದು ಬಂದರೆ ನಾನೇ ಹಿಡಿದುಕೊಡುತ್ತೇನೆ ಎಂದೆ. ಅವನಿಗೆ ಸ್ವಲ್ಪ ಸಮಾಧಾನವಾಯಿತು. ಆದರೂ ಹೋಗುವಾಗ ನಿಂತು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ‘ಅಕಿ ಬಂದೇ ಇಲ್ಲ ಅಂದ್ರ ಅದೊಂದು ದುಃಖ. ಬಂದು ಕೂತೂ ನಗವಲ್ಲಳು ಅಂದ್ರ ಅದು ಇನ್ನೊಂದು. ಎರಡ್ರಾಗ ಯಾವುದಂತ ತಿಳದ್ರ ಸಾಕಾಗಿತ್ತು ನೋಡ.’

ಅಲ್ಲಿಂದ ಶುರುವಾಯಿತು ಅವನ ಹುಚ್ಚು. ದ್ರಾಕ್ಷಾಯಣಿ ಯಾವತ್ತಾದರೂ ನಕ್ಕಿದ್ದು ನೋಡಿದ್ದೀರಾ ಎಂದು ಮನೆಮನೆಗೆ ಹೋಗಿ ಕೇಳಿದ. ಒಬ್ಬರೂ ನೋಡಿರಲಿಲ್ಲ. ಕೊನೆಗೆ ಬಳೆಗಾರ್ತಿಯೊಬ್ಬಳು, ಬಹಳ ಹಿಂದೆ ಸಂತೆಯಲ್ಲಿ ಒಂದು ಮೇಕೆ ಗೋಡೆಗೆ ಅಂಟಿಸಿದ್ದ ಮುದಕಪ್ಪನ ಪೋಸ್ಟರನ್ನು ಕಿತ್ತು ತಿನ್ನುತ್ತಿದ್ದಾಗ ದ್ರಾಕ್ಷಾಯಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದ್ದಳು ಎಂದಳು. ಸಾಕಲ್ಲ, ಮುಂದಿನ ಶುಕ್ರವಾರ ಮುದಕಪ್ಪ ಮೇಕೆಯನ್ನು ಹಿಡಿದುಕೊಂಡು ರಂಗಕ್ಕೆ ಬಂದ. ಅದಕ್ಕೆ ತನ್ನ ಪೋಸ್ಟರು ತೋರಿಸಿದ. ಮೇಕೆ ಪೋಸ್ಟರನ್ನು ಮೂಸಿಯೂ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಇಮಾಮಸಾಬನ ಕೈಯಲ್ಲಿದ್ದ ನಾಟಕದ ಕೈಬರಹದ ಪುಸ್ತಕಕ್ಕೆ ಬಾಯಿ ಹಾಕಿ ಮೂರನೆಯ ಅಂಕದ ಹದಿನಾಲ್ಕು ಹಾಳೆಗಳನ್ನು ತಿಂದಿತು. ಇಮಾಮಸಾಬ ಒಂದು ಕಡೆಯಿಂದ ಎಳೆಯುವುದೂ ಮೇಕೆ ಇನ್ನೊಂದು ಕಡೆಯಿಂದ ಎಳೆಯುವುದೂ ನೋಡಿ ಕೆಳಗಿನವರು ಬೆಂಚಿನಿಂದ ಜಾರಿದರು. ಗ್ಯಾಲರಿಯಲ್ಲಿ ನಮ್ಮಪ್ಪ ನಾಲ್ಕನೆಯ ‘ಹ’ ಕೂಡ ಅಂದ, ನನಗೆ ಆಶ್ಚರ್ಯವಾಗಿ ಸ್ವರವೇ ತಪ್ಪಿತು. ಹೊಸ ನಗು ಮಾತ್ರ ಅವತ್ತೂ ಬರಲಿಲ್ಲ.

ಆಮೇಲೆ ಅವನು ಕಾಯುವುದಕ್ಕೆ ಶುರು ಮಾಡಿದ. ಇದು ಮೇಕೆಗಿಂತ ಕೆಟ್ಟದಾಯಿತು. ಆರು ಎಣಿಕೆಗೆ ಗ್ಯಾಲರಿ ನಕ್ಕು ಸುಮ್ಮನಾಗುತ್ತದೆ, ನಾನು ಸ್ವರ ಒತ್ತುತ್ತೇನೆ, ಮುದಕಪ್ಪ ಬಾಯಿ ತೆರೆಯುವುದಿಲ್ಲ. ಕತ್ತು ಓರೆ ಮಾಡಿ ಮೇಲಕ್ಕೆ ಕಿವಿ ಕೊಟ್ಟು ನಿಂತಿರುತ್ತಾನೆ. ಅವಳಿಗೆ ಸ್ವಲ್ಪ ತಡವಾಗಿ ಬರಬಹುದು ಎಂದು ಅವನ ಆಸೆ. ಹತ್ತು ಎಣಿಸುತ್ತೇನೆ, ಹದಿನೈದು ಎಣಿಸುತ್ತೇನೆ, ಇಪ್ಪತ್ತು. ಸುಮ್ಮನೆ ಕೂತರೆ ಸಭೆ ಗೊಣಗುತ್ತದೆಂದು ನಾನು ಏನೋ ಒಂದು ರಾಗ ಎಳೆಯುತ್ತೇನೆ. ಎದುರು ಪಾತ್ರದವರು ಕೈ ಎತ್ತಿದವರು ಎತ್ತಿದಂತೆಯೇ, ಹೊಡೆಯಲು ಬಂದವರು ಬಂದಂತೆಯೇ ನಿಂತು ಬೆವರುತ್ತಾರೆ. ಆರೂವರೆಗೆ ಮುಗಿಯುವ ನಾಟಕ ಎಂಟು ಗಂಟೆಗೆ ಹೋಯಿತು. ಆ ಹೊತ್ತಿಗೆ ಗ್ಯಾಲರಿಯಿಂದ ಗೊರಕೆ ಕೇಳಿಸತೊಡಗಿತು, ಅದುವರೆಗೆ ಯಾರೂ ಕೇಳದಿದ್ದದ್ದು ಅದು.

ಇನ್ನೂ ಒಂದು ಹೇಳಬೇಕು, ಹೇಳಲು ನನಗೆ ಇಷ್ಟವಿಲ್ಲ. ಮುದಕಪ್ಪ ನಗಿಸುವುದನ್ನೇ ಮರೆಯುತ್ತಾ ಬಂದ. ಮಾತು ಅವೇ, ಮೂಗು ಅದೇ, ಕಿವಿ ಅವೇ. ಆದರೆ ಆಡುವಾಗ ಅವನ ಮನಸ್ಸು ಮಾತಿನಲ್ಲಿರುತ್ತಿರಲಿಲ್ಲ, ಮೇಲಿರುತ್ತಿತ್ತು. ಜನ ಮೊದಮೊದಲು ಅಭ್ಯಾಸಕ್ಕೆ ನಕ್ಕರು, ಆಮೇಲೆ ಅವನ ಮೇಲಿನ ಮರುಕಕ್ಕೆ ನಕ್ಕರು. ಮರುಕದ ನಗು ಹೇಗಿರುತ್ತದೆಂದು ಹಾಸ್ಯದವನಿಗೆ ಹೇಳಿಕೊಡಬೇಕಾಗಿಲ್ಲ. ಒಂದು ದಿನ ಬಣ್ಣದ ಕೋಣೆಯಲ್ಲಿ ಒಬ್ಬನೇ ಕೂತು ಮೀಸೆ ಕೀಳುತ್ತಿದ್ದವನು ನನ್ನನ್ನು ನೋಡಿ, ‘ನಂಗ ಅಕಿ ಇಲ್ದ ಭಾಳ ಬ್ಯಾಸರ ಆಗೇತಿ ಕಾಶೀ. ಮನ್ಯಾಗ ಒಂದು ಮಾತು ಕಟ್ಟತೀನಿ, ಚಲೋ ಐತೋ ಕೆಟ್ಟದೈತೋ ಹೇಳವ್ರಿಲ್ಲ. ಮೊರಕ್ಕ ಹೇಳಿ ಬರತೀನಿ’ ಎಂದ. ನಾನು ಬೇರೆಯವರ ಮುಂದೆ ಅಳುವವಳಲ್ಲ. ಹೊರಗೆ ಬಂದು ಅತ್ತೆ.

ಊರಿನವರು ಒಳ್ಳೆಯವರು ಎಂದು ನಾನು ಸಾಮಾನ್ಯವಾಗಿ ಹೇಳುವುದಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ. ಆದರೆ ಆ ವರ್ಷ ಅವರು ಒಂದು ಕೆಲಸ ಮಾಡಿದರು. ಮುದಕಪ್ಪನ ಮುಂದಿನ ಬೆಂಚು ಖಾಲಿ ಇರಬಾರದೆಂದು ಪ್ರತಿ ಶುಕ್ರವಾರ ಒಂದೊಂದು ಮನೆಯವರು ಬಂದು ಕೂತರು. ಯಾರ ಸತ್ತವರ ನಗುವನ್ನು ಅವನು ಕೇಳಿಸಿಕೊಟ್ಟಿದ್ದನೋ ಅವರೆಲ್ಲ. ತಿಪ್ಪವ್ವನ ಮೊಮ್ಮಕ್ಕಳು ಕೂತರು, ಪೋಸ್ಟಮಾಸ್ತರ ತಂಗಿ ಕೂತಳು. ಒಂದೇ ನಗುವನ್ನು ನಮ್ಮವನದು, ನಮ್ಮವನದು ಎಂದು ಆರು ವರ್ಷದಿಂದ ಜಗಳಾಡುತ್ತಿದ್ದ ಎರಡು ಮನೆಯವರು ಕೂಡ ಒಂದೇ ಬೆಂಚಿನ ಎರಡು ತುದಿಗೆ ಕೂತರು. ಎಲ್ಲರೂ ಬುಂದಿಯ ಡಬ್ಬಿ ತರುತ್ತಿದ್ದರು, ಎಲ್ಲರೂ ಮುಚ್ಚಿದ ಡಬ್ಬಿಯನ್ನು ಹಾಗೇ ವಾಪಸ್ಸು ಒಯ್ಯುತ್ತಿದ್ದರು.

ವರ್ಷ ತುಂಬುವ ಶುಕ್ರವಾರ ಬಂತು. ಅವತ್ತು ಬಾರದಿದ್ದರೆ ಇನ್ನಿಲ್ಲ. ಮಧ್ಯಾಹ್ನ ಎರಡಕ್ಕೆ ಇಮಾಮಸಾಬ ಮುದಕಪ್ಪನನ್ನೂ ನನ್ನನ್ನೂ ಕರೆದು ನಿಲ್ಲಿಸಿಕೊಂಡ. ಇಮಾಮಸಾಬ ಕೆಟ್ಟವನಲ್ಲ, ಮೇಕೆ ತಿಂದ ಹದಿನಾಲ್ಕು ಹಾಳೆಗಳನ್ನು ನೆನಪಿನಿಂದಲೇ ಬರೆದವನು. ‘ಮುದಕಪ್ಪಣ್ಣ, ನಿನ್ನ ಕಷ್ಟ ನಂಗ ತಿಳೀತೈತಿ. ಆದ್ರ ಮ್ಯಾಲಿನವ್ರು ಗೊರಕಿ ಹೊಡ್ಯಾಕ ಹತ್ಯಾರ, ಕೆಳಗಿನವ್ರು ಎದ್ದು ಹೊಂಟಾರ. ಇವತ್ತು ಆರು ಅಂದ್ರ ಆರು. ಕಾಶೀಬಾಯಿ ಸ್ವರ ಒತ್ತಿದ ಮ್ಯಾಲೆ ನೀ ಮಾತಾಡಲಿಲ್ಲಂದ್ರ ನಾ ಪಡದಿ ಇಳಸ್ತೀನಿ’ ಎಂದ. ಮುದಕಪ್ಪ, ‘ಆತು. ಇವತ್ತು ಕಾಯೂದಿಲ್ಲ. ವರ್ಷಾನಗಟ್ಟಲೆ ಕಾದೀನಿ, ಬರೂದಿತ್ತಂದ್ರ ಬರತಿದ್ಳು. ಇವತ್ತು ಬಂದ ಮಂದೀನ ನಗಸ್ತೀನಿ, ಅಷ್ಟ’ ಎಂದ. ಅವನ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಹಟವೂ ಇರಲಿಲ್ಲ. ಅವನು ಬೆಂಚು ಬಿಟ್ಟುಕೊಟ್ಟದ್ದು ಆ ಕ್ಷಣದಲ್ಲೇ ಎಂದು ನನಗೆ ಗೊತ್ತಾಯಿತು.

ನಾಟಕ ‘ಅತ್ತೀ ಮನಿ ಆನಿ’. ಅತ್ತೆಯ ಮನೆಯಲ್ಲಿ ಕೂತು ತಿನ್ನುವ ಅಳಿಯ ಭರಮಪ್ಪನ ಪಾತ್ರ ಮುದಕಪ್ಪನದು. ಥೇಟರು ಕಿಕ್ಕಿರಿದಿತ್ತು. ಮುಂದಿನ ಬೆಂಚಿನ ಮೇಲೆ ಒಂದು ಮನೆಯವರಲ್ಲ, ಇಪ್ಪತ್ತು ಮನೆಯವರು ಒಬ್ಬರ ತೊಡೆಯ ಮೇಲೆ ಒಬ್ಬರು ಕೂತಿದ್ದರು. ಮುದಕಪ್ಪ ಬಂದ, ಮೂಗು ಉಜ್ಜಿದ, ಮೊದಲ ಮಾತು ಆಡಿದ. ನಕ್ಕರು. ಆರು. ಗ್ಯಾಲರಿ ನಕ್ಕಿತು. ಸ್ವರ ಒತ್ತಿದೆ. ತಟ್ಟನೆ ಮುಂದಿನ ಮಾತು ಬಂತು! ಕಿವಿ ಮೇಲಕ್ಕೆ ಹೋಗಲಿಲ್ಲ, ಕತ್ತು ಓರೆಯಾಗಲಿಲ್ಲ. ಒಂದು ವರ್ಷದ ಮೇಲೆ ನಮ್ಮ ಮುದಕಪ್ಪ ನಮಗೆ ಸಿಕ್ಕಿದ್ದ. ಜನ ಮರುಕವನ್ನು ಮರೆತು ನಿಜವಾಗಿ ನಗತೊಡಗಿದರು. ಅವನ ಮುಖದಲ್ಲೂ ಬಣ್ಣದಡಿ ಒಂದು ಗೆಲುವು ಕಂಡಿತು. ಮೊದಲ ಅಂಕ ಹೋಯಿತು, ಎರಡನೆಯದು ಹೋಯಿತು. ಹೊಸ ನಗು ಇಲ್ಲ. ಸ್ವರ ಒತ್ತುವ ನನ್ನ ಬೆರಳಿಗೆ ಸಂಕಟವಾಗುತ್ತಿತ್ತು, ಆದರೂ ಆರಕ್ಕೆ ಒತ್ತಿದೆ.

ಮೂರನೆಯ ಅಂಕದಲ್ಲಿ ಕಾಗದದ ದೃಶ್ಯ ಬರುತ್ತದೆ. ಅತ್ತೆ ಅಳಿಯನನ್ನು ಮನೆಯಿಂದ ಹೊರಗೆ ಹಾಕಲು ನಿಂತಿರುತ್ತಾಳೆ. ಆಗ ಭರಮಪ್ಪ ಕೋಟಿನ ಎಡ ಜೇಬಿನಿಂದ ಒಂದು ಕಾಗದ ತೆಗೆದು, ತನಗೆ ಸರ್ಕಾರಿ ನೌಕರಿ ಸಿಕ್ಕಿದೆ ಎಂದು ಅದನ್ನು ತಲೆಕೆಳಗಾಗಿ ಹಿಡಿದು ಓದುತ್ತಾನೆ. ನಾಟಕ ಊರಿಗೆಲ್ಲ ಬಾಯಿಪಾಠ. ‘ಅತ್ತೀ, ಬಾಯಿ ಮುಚ್ಚು, ಈ ಕಾಗದ ನೋಡು’ ಎಂದು ಮುದಕಪ್ಪ ಜೇಬಿಗೆ ಕೈ ಹಾಕಿದ. ಕೈ ಬರಿದೇ ಬಂತು. ಬಲ ಜೇಬು ನೋಡಿದ, ಅಲ್ಲೂ ಇಲ್ಲ. ಒಳ ಜೇಬು, ಧೋತರದ ಗಂಟು, ತೋಳಿನ ಮಡಿಕೆ, ಎಲ್ಲವನ್ನೂ ತಡಕಿದ. ಇದು ನಾಟಕವಲ್ಲ, ಅವನು ನಿಜವಾಗಿಯೂ ಹುಡುಕುತ್ತಿದ್ದಾನೆ ಎಂದು ಎಲ್ಲರಿಗೂ ತಿಳಿದುಹೋಯಿತು. ಯಾರೂ ನಗಲಿಲ್ಲ. ಅತ್ತೆಯ ಪಾತ್ರದ ಮಾಲತಿ ಸೊಂಟದ ಮೇಲೆ ಕೈ ಇಟ್ಟುಕೊಂಡು, ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದಳು. ನಾನೇನು ಮಾಡಲಿ, ನನ್ನ ಪೆಟ್ಟಿಗೆಯಲ್ಲಿ ಕಾಗದವಿರಲಿಲ್ಲ.

ಮುದಕಪ್ಪನಿಗೆ ರೇಗಿತು. ರಂಗದ ಮೇಲಿನ ಸಿಟ್ಟಲ್ಲ, ಮನೆಯದು. ಕೋಟು ಕೊಡವಿ, ಪಡದೆಯ ಪಕ್ಕಕ್ಕೆ ತಿರುಗಿ, ಭರಮಪ್ಪನ ಕೀರಲು ಧ್ವನಿಯಲ್ಲಲ್ಲ, ತನ್ನದೇ ಧ್ವನಿಯಲ್ಲಿ, ಬಚ್ಚಲಿನಿಂದ ಅಡುಗೆಮನೆಗೆ ಕೂಗುವವನ ಹಾಗೆ ಕೂಗಿದ: ‘ಏ ದ್ರಾಕ್ಷೀ, ಎಲ್ಲಿಟ್ಟಿ ಅದನ್ನ?’

ಕೂಗಿದ ಮೇಲೆ ತಾನು ಏನು ಕೂಗಿದೆ ಎಂದು ಅವನಿಗೆ ಗೊತ್ತಾಯಿತು. ಕೈ ಜೋತುಬಿತ್ತು. ಪಡದೆಯ ಪಕ್ಕದಲ್ಲಿ ಅವಳು ಕೂತು ಗುಂಡಿ ಹೊಲಿಯುತ್ತಿದ್ದ ಮಣೆ ಖಾಲಿ ಇತ್ತು. ಅದನ್ನೇ ನೋಡುತ್ತಾ ನಿಂತ. ಮುಂದಿನ ಬೆಂಚಿನಲ್ಲಿ ಯಾರೋ ಸೆರಗು ಬಾಯಿಗೆ ತುರುಕಿಕೊಂಡರು. ಇಮಾಮಸಾಬ ಪಡದೆಯ ಹಗ್ಗಕ್ಕೆ ಕೈ ಹಾಕಿದ.

ಆಗ ಮೇಲಿನಿಂದ ನಗು ಬಂತು.

ಕೆಳಗೆ ಯಾರೂ ನಕ್ಕಿರಲಿಲ್ಲ, ನಾನು ಏನನ್ನೂ ಎಣಿಸಿರಲಿಲ್ಲ. ಥೇಟರು ಕಟ್ಟಿದಂದಿನಿಂದ ಗ್ಯಾಲರಿ ಮೊದಲು ನಕ್ಕದ್ದು ಅದೇ ಮೊದಲ ಸಲ. ಒಂದೇ ಒಂದು ಧ್ವನಿ. ತಡೆದು ತಡೆದು ಆಗದೆ ಮೂಗಿನಿಂದ ಪುಸಕ್ಕೆಂದು ಹೊರಟು, ನಡುವೆ ಉಸಿರು ಸಿಕ್ಕಿ ಗೊರ್ರೆಂದು ಗೊರಕೆಯಾಗಿ, ಮತ್ತೆ ಕೀ ಎಂದು ಮೇಲೇರಿ, ಮತ್ತೆ ಗೊರ್ರೆಂದು ಇಳಿಯುವ ನಗು. ಅಷ್ಟು ಕೆಟ್ಟ ನಗುವನ್ನು ನಾನು ನನ್ನ ಜನ್ಮದಲ್ಲಿ ಕೇಳಿಲ್ಲ. ಗ್ಯಾಲರಿಯಲ್ಲಿ ಅಂಥದ್ದೊಂದು ಮೊದಲು ಇದ್ದಿದ್ದರೆ ಊರು ಬಿಟ್ಟು ಓಡಿಹೋದ ಆ ನಟನ ಮೇಲೆ ನಾನು ತಪ್ಪು ಹೊರಿಸುತ್ತಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಯಾರು ಅದನ್ನು ಕೇಳಿ ಛೇಡಿಸಿದರೋ ಏನೋ, ಪಾಪ ಹುಡುಗಿ, ತುಟಿ ಬಿಗಿದುಕೊಂಡು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಾಳಿದ್ದಳು.

ಮುದಕಪ್ಪ ಬಾಯಿ ತೆರೆದುಕೊಂಡು ತಲೆಯನ್ನು ಹಿಂದಕ್ಕೆ ಎತ್ತಿ ಗ್ಯಾಲರಿಯನ್ನು ನೋಡಿದ. ಹಾಗೆ ಎತ್ತಿದ್ದೇ ತಡ, ಪೇಟದ ನೆತ್ತಿಯ ಮಡಿಕೆಯಿಂದ ಕಾಗದ ಜಾರಿ ಅವನ ಬೆನ್ನ ಹಿಂದೆ ಟಪ್ಪೆಂದು ಬಿತ್ತು. ಕೈಗೆ ಕೊಡುವವರಿಲ್ಲವಲ್ಲ, ಮರೆಯಬಾರದೆಂದು ತಾನೇ ಅಲ್ಲಿ ಸಿಕ್ಕಿಸಿಕೊಂಡು ಅದನ್ನೇ ಮರೆತಿದ್ದ. ಕೆಳಗೆ ಕೂತವರಿಗೆ ಅದು ಕಾಣುವ ಹಾಗಿರಲಿಲ್ಲ. ಮೇಲೆ ಕೂತವರಿಗೆ ಮಾತ್ರ, ಅವನು ಜೇಬು ಜೇಬು ತಡಕುತ್ತಿದ್ದಷ್ಟು ಹೊತ್ತೂ ನೆತ್ತಿಯ ಮೇಲೆ ಕಾಗದ ಕಾಣುತ್ತಿತ್ತು. ಈಗ ಕೆಳಗಿನವರೂ ನಕ್ಕರು, ಏನು ನಗು ಅದು, ಬೆಂಚು ಮುರಿಯಿತು. ಆಮೇಲೆ ಉಳಿದ ಗ್ಯಾಲರಿ ನಕ್ಕಿತು, ನಾನು ಎಣಿಸದಿದ್ದರೂ ಆರಕ್ಕೇ ಇರಬೇಕು. ಬುಂದಿಯ ಡಬ್ಬಿಗಳು ಇಪ್ಪತ್ತೂ ಒಟ್ಟಿಗೆ ಬಿಚ್ಚಿಕೊಂಡವು.

ಮುದಕಪ್ಪ ಮಾತ್ರ ನಗಲಿಲ್ಲ. ಬಣ್ಣದ ಮೇಲೆ ನೀರು ಇಳಿಯುತ್ತಿತ್ತು, ಆದರೂ ಸೊಂಟಕ್ಕೆ ಕೈ ಕೊಟ್ಟುಕೊಂಡು ಗ್ಯಾಲರಿಯ ಕಡೆ ಮುಖ ಮಾಡಿ ಬೈಯತೊಡಗಿದ. ‘ನೋಡ್ಕೋತ ಕೂತೀಯಲ್ಲ! ವರ್ಷಾನಗಟ್ಟಲೆ ಇಲ್ಲೇ ಕೂತಿದ್ದೇನ? ಮ್ಯಾಲಿಂದ ಎಲ್ಲಾ ಕಾಣತೈತಿ, ಒಂದು ಮಾತು ಹೇಳಾಕ ಬರಲಿಲ್ಲ? ಈ ನಗೀನ ನಲವತ್ತು ವರ್ಷ ನನ್ನಿಂದ ಮುಚ್ಚಿಟ್ಟಿದ್ದಿಯೇನ ಹುಚ್ಚಿ? ಇದನ್ನ?’ ಅವನು ಬೈದಷ್ಟೂ ಅವಳು ನಕ್ಕಳು. ಗೊರ್ರೆಂದಾಗಲೆಲ್ಲ ಅವನು ‘ಆಂ? ಆಂ?’ ಎಂದು ಮುಂದೆ ಮುಂದೆ ಬಂದ, ರಂಗದ ಅಂಚಿನವರೆಗೆ ಬಂದು ನಿಂತ. ನಾಟಕ ಮುಂದೆ ಹೋಗಬೇಕಿತ್ತು, ನನ್ನ ಬೆರಳು ಸ್ವರದ ಮೇಲಿತ್ತು. ಇಮಾಮಸಾಬ ಹಗ್ಗ ಬಿಟ್ಟು, ಬೇಡ ಎಂದು ನನಗೆ ಕೈ ಮಾಡಿದ. ನಾನು ಒತ್ತಲಿಲ್ಲ. ಊರೆಲ್ಲ ಬುಂದಿಯನ್ನು ಕೈಯಲ್ಲಿ ಹಿಡಿದುಕೊಂಡು, ದ್ರಾಕ್ಷಾಯಣಿ ನಕ್ಕು ಮುಗಿಸುವವರೆಗೆ ಕಾಯುತ್ತಾ ಕೂತಿತು.